ಕೇರಿಯ ನೆನಪು ಕೇರಿಗೇ

ಕುಂದಾಪುರದ ಪೇಟೆಯಿಂದ ತೆಂಕುದಿಕ್ಕಿಗೆ ಹಂಗಳೂರು, ಕೋಟೇಶ್ವರಗಳ ಕಡೆಗಾಗಲಿ, ಬಡಗುದಿಕ್ಕಿಗೆ ಹೊಳೆಯನ್ನು ದಾಟಿ ತಲ್ಲೂರು, ಹೆಮ್ಮಾಡಿಗಳ ಕಡೆಗಾಗಲಿ ಹೆದ್ದಾರಿಯ ಇಕ್ಕೆಲವನ್ನು ನೋಡುತ್ತ ಸಾಗುವವನಿಗೆ, ಪೇಟೆ ಎಲ್ಲಿ ಮುಗಿಯಿತು, ಹಳ್ಳಿ ಎಲ್ಲಿ ಮೊದಲಾಯಿತು ಎಂಬುದು ಈಗ ತಿಳಿಯುವುದಿಲ್ಲ. 1997ರ ಆಗಸ್ಟ್ 25ರಂದು ಉಡುಪಿ ಜಿಲ್ಲೆ ಪ್ರತ್ಯೇಕವಾಯಿತು, 1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆಯಿತು, 2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರಗಳು ಸ್ವತಂತ್ರ ತಾಲೂಕುಗಳಾದವು, ಹೆದ್ದಾರಿ ಚತುಷ್ಪಥವಾಯಿತು. ಇವುಗಳ ಬೆನ್ನಿಗೇ ಅಂಚಿನ ಗ್ರಾಮಗಳು ಪಟ್ಟಣದ ಅಂಗಗಳಾಗಿ, ಬ್ರಹ್ಮಾವರವು ಉಡುಪಿ ಮಣಿಪಾಲಗಳ ಉದ್ಯೋಗಸ್ಥರ ವಾಸಸ್ಥಾನವಾಗಿ, ನೀರಿನ ಆಶ್ರಯವನ್ನು ನೋಡಿ ಬೈಲು, ಮಜಲು, ಬೆಟ್ಟು ಎಂದು ಹಿಂದಿನವರು ವಿಂಗಡಿಸಿಕೊಂಡಿದ್ದ ಭೂಮಿಯು ಸೆಂಟ್ಸಿನ ಲೆಕ್ಕದಲ್ಲಿ ಮಾರಾಟವಾಗುವ ನಿವೇಶನಗಳಾಗಿ ಪರಿಣಮಿಸಿತು. ಇದನ್ನು ಕೇವಲ ವಿಷಾದದಿಂದ ನೋಡಬೇಕೆಂದು ನನ್ನ ಮತವಲ್ಲ. ಮನೆ ಕಟ್ಟಿಕೊಳ್ಳುವವನಿಗೆ ಮನೆ ಬೇಕೇ ಬೇಕು. ಆದರೆ ಆ ಮನೆಯ ಅಡಿಪಾಯದ ಕೆಳಗಿರುವ ಗದ್ದೆಗೆ ಒಂದು ಹೆಸರಿತ್ತು, ಅದನ್ನು ಉತ್ತವರಿದ್ದರು, ಅದಕ್ಕೆ ನೀರು ಬರುತ್ತಿದ್ದ ತೋಡು ಯಾವುದೆಂಬುದರ ಮೇಲೆ ಎರಡು ಮನೆತನಗಳ ಸ್ನೇಹವೋ ವೈರವೋ ನಿಂತಿತ್ತು ಎಂಬುದನ್ನು ಬಲ್ಲವರು ಇಂದು ಎಪ್ಪತ್ತೈದರ ಆಚೆಗಿನ ಪ್ರಾಯದವರು ಮಾತ್ರ. ಅವರ ತಿಳಿವಳಿಕೆಯನ್ನು ಸಂಗ್ರಹಿಸುವ ಕಾರ್ಯವು, ಮತ್ತು ಸಂಗ್ರಹಿಸಿದುದನ್ನು ಅವರ ಕೇರಿಗೇ ಮರಳಿ ಒಪ್ಪಿಸುವ ಕಾರ್ಯವು, ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳಲ್ಲಿ ಇನ್ನು ತಡವಾಗಕೂಡದು.

ಈ ನಾಡಿಗೆ ಚರಿತ್ರೆಯ ಕೊರತೆಯೇನೂ ಇಲ್ಲ. ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಆಡಳಿತ ಕೇಂದ್ರವಾಗಿದ್ದ ಬಾರಕೂರಿನ ಚೌಳಿಕೇರಿ, ಮೂಡುಕೇರಿ, ಮಣಿಗಾರಕೇರಿ, ಕೋಟೆಕೇರಿಗಳಲ್ಲಿಯೂ, ಪೋರ್ಚುಗೀಸರು ಅಕ್ಕಿಗಾಗಿ ಹಾತೊರೆದು ಬಂದ, 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಕೊಳ್ಳೆಹೊಡೆದ ಬಸ್ರೂರಿನಲ್ಲಿಯೂ ಶಾಸನಗಳು ಹೇರಳವಾಗಿ ದೊರೆತಿವೆ. ಪಾದೂರು ಗುರುರಾಜ ಭಟ್ಟರು ಊರೂರು ಅಲೆದು, ಗುಡಿ ಗುಡಿಯ ವಿಗ್ರಹವನ್ನು ಪರೀಕ್ಷಿಸಿ, 1975ರಲ್ಲಿ ತುಳುನಾಡಿನ ಇತಿಹಾಸ ಸಂಸ್ಕೃತಿಗಳ ಮೇಲಿನ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಅದಕ್ಕೂ ಹಿಂದೆ, 1801ರಲ್ಲಿ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಈ ಕರಾವಳಿಯನ್ನು ಹಾದುಹೋಗುತ್ತ ಬೆಳೆ, ತೆರಿಗೆ, ಕೂಲಿಗಳ ವಿಚಾರವಾಗಿ ಜನರನ್ನು ಪ್ರಶ್ನಿಸಿ ಬರೆದಿಟ್ಟನು. 1894ರಲ್ಲಿ ಸ್ಟರಕ್ ಎಂಬ ಅಧಿಕಾರಿಯು ದಕ್ಷಿಣ ಕನ್ನಡದ ಕೈಪಿಡಿಯನ್ನು ರಚಿಸಿದನು. ಇವೆಲ್ಲ ಅಮೂಲ್ಯವಾದವು. ಆದರೂ ಶಾಸನವು ದಾನಕೊಟ್ಟವನನ್ನು ಹೇಳುತ್ತದೆಯೇ ಹೊರತು ದಾನವಾಗಿ ಹೋದ ಗದ್ದೆಯಲ್ಲಿ ನೇಜಿ ನೆಟ್ಟವಳನ್ನು ಹೇಳುವುದಿಲ್ಲ. ಕೈಪಿಡಿಯು ಕಂದಾಯವನ್ನು ಕಾಣುತ್ತದೆ, ಅದನ್ನು ಕಟ್ಟಲಾರದ ಮನೆಯ ರಾತ್ರಿಯನ್ನು ಕಾಣುವುದಿಲ್ಲ.

ಆ ರಾತ್ರಿಯನ್ನು ಕಂಡವರು ಸಾಹಿತಿಗಳು. ಕೋಟದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಕಡಲಂಚಿನ ಒಂದು ಸಂಸಾರದ ಮೂರು ತಲೆಮಾರುಗಳನ್ನು ಚಿತ್ರಿಸಿ, ಆ ಮನೆಯ ಹೆಂಗಸರು ಹೊತ್ತ ಬದುಕಿನ ಭಾರವನ್ನು ಕನ್ನಡಿಗರೆಲ್ಲರಿಗೂ ಪರಿಚಯಿಸಿದರು. ಕುಂದಾಪುರದಲ್ಲಿ ಹುಟ್ಟಿ ಬೆಳೆದ ವೈದೇಹಿಯವರು ಪೇಟೆಯ ಹೆಣ್ಣುಮಕ್ಕಳ ಮಾತನ್ನು ಆ ಮಾತಿನ ಬನಿ ಕೆಡದಂತೆ ಕತೆಗಳಿಗೆ ತಂದರು. ವೈದೇಹಿಯವರು ಮಾಡಿದ ಇನ್ನೊಂದು ಕೆಲಸವು ನನ್ನ ಪ್ರಕೃತ ವಿಷಯಕ್ಕೆ ಇನ್ನೂ ಸಮೀಪವಾದುದು. ಕೋಟ ಲಕ್ಷ್ಮೀನಾರಾಯಣ ಕಾರಂತ, ಸೇಡಿಯಾಪು ಕೃಷ್ಣ ಭಟ್ಟ, ರಂಗಭೂಮಿಯ ಬಿ. ವಿ. ಕಾರಂತ ಈ ಮೂವರು ಹಿರಿಯರ ಎದುರು ಕುಳಿತು, ಅವರ ಬಾಯಿಂದ ಬಂದ ನೆನಪುಗಳನ್ನು ಕೇಳಿ, ಮೂರು ಪುಸ್ತಕಗಳನ್ನು ಅವರು ನಿರೂಪಿಸಿದ್ದಾರೆ. ಸ್ವತಃ ಸೃಷ್ಟಿಶೀಲರಾದ ಲೇಖಕಿಯೊಬ್ಬರು ತಮ್ಮ ಲೇಖನಿಯನ್ನು ಇನ್ನೊಬ್ಬರ ನೆನಪಿಗೆ ಒಪ್ಪಿಸಿಕೊಟ್ಟ ಈ ದೃಷ್ಟಾಂತವು ಅಪೂರ್ವವಾದುದು, ಮತ್ತು ನಮ್ಮ ಕೇರಿಗಳಲ್ಲಿ ಅನುಕರಿಸತಕ್ಕುದು. ಅವರ ಎದುರು ಕುಳಿತವರು ಪ್ರಸಿದ್ಧರು. ಪ್ರಸಿದ್ಧಿಯಿಲ್ಲದವರ ಎದುರು ಕುಳಿತುಕೊಳ್ಳುವ ಕೆಲಸ ಉಳಿದಿದೆ.

ಹಾಗೆ ಕುಳಿತರೆ ಏನು ದೊರೆಯುತ್ತದೆ? ಮೊದಲು ಹೊಳೆಯನ್ನೇ ತೆಗೆದುಕೊಳ್ಳೋಣ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯೆನಿಸಿ ಸಮುದ್ರವನ್ನು ಸೇರುವ ಈ ಸ್ಥಳದಲ್ಲಿ, ಕುಂದಾಪುರದ ದಂಡೆಯಲ್ಲಿ ನಿಂತವನಿಗೆ ಗಂಗೊಳ್ಳಿ ಕಣ್ಣೆದುರಿಗೇ ಕಾಣುತ್ತದೆ. ರಸ್ತೆಯಿಂದ ಹೋಗುವವನಾದರೋ ತಲ್ಲೂರು, ಹೆಮ್ಮಾಡಿ, ತ್ರಾಸಿಗಳನ್ನೆಲ್ಲ ಬಳಸಿಯೇ ಅಲ್ಲಿಗೆ ಮುಟ್ಟಬೇಕು. ಸೇತುವೆಗಳಿಲ್ಲದ ಕಾಲದಲ್ಲಿ ಮದುವೆಯ ದಿಬ್ಬಣ, ಪ್ರಸವವೇದನೆಯ ಹೆಂಗಸು, ಅಕ್ಕಿಮುಡಿ, ಯಕ್ಷಗಾನ ಮೇಳದ ಪೆಟ್ಟಿಗೆ ಎಲ್ಲವೂ ದೋಣಿಯಲ್ಲಿಯೇ ದಾಟಬೇಕಾಗಿತ್ತು. ಆಷಾಢದ ನೆರೆಯಲ್ಲಿ ದೋಣಿ ಬಿಡಬಹುದೇ ಬಾರದೇ ಎಂಬುದನ್ನು ನೀರಿನ ಬಣ್ಣವನ್ನು ನೋಡಿ ನಿರ್ಣಯಿಸುತ್ತಿದ್ದ ದೋಣಿಯವನ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲ. ಉಪ್ಪಿನಕುದ್ರು, ಕನ್ನಡಕುದ್ರುಗಳಂಥ ನಡುಹೊಳೆಯ ನೆಲಗಳಲ್ಲಿ ಬಾಳಿದವರಿಗೆ ಉಬ್ಬರ ಇಳಿತಗಳೇ ಗಡಿಯಾರವಾಗಿದ್ದುವು. ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟವು ಕೊಗ್ಗ ಕಾಮತರ ಮನೆತನದಿಂದಾಗಿ ದೇಶವಿದೇಶಗಳಲ್ಲಿ ಹೆಸರಾಯಿತು. ಆ ಗೊಂಬೆಗಳ ಪೆಟ್ಟಿಗೆಯನ್ನು ಹೊತ್ತು ಹೊಳೆ ದಾಟಿಸಿದವರ ನೆನಪೂ ಅದೇ ಚರಿತ್ರೆಯ ಭಾಗವೆಂದು ನಾನು ತಿಳಿಯುತ್ತೇನೆ.

ಕಡಲಿನ ಕಡೆಗೆ ಹೋದರೆ ರಂಪಣಿಯ ಕಥೆ. ನೂರಾರು ಮಾರು ಉದ್ದದ ಬಲೆಯನ್ನು ದೋಣಿಯಲ್ಲಿ ಕೊಂಡೊಯ್ದು ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡು ತುದಿಗಳನ್ನೂ ದಡದಿಂದ ಹತ್ತಾರು ಜನ ಒಂದೇ ಉಸಿರಿನಲ್ಲಿ ಎಳೆಯುವ ಆ ಮೀನುಗಾರಿಕೆಯಲ್ಲಿ ಮೊಗವೀರರ, ಖಾರ್ವಿಗಳ ಕೇರಿಗೆ ಕೇರಿಯೇ ಕೈಗೂಡಿಸುತ್ತಿತ್ತು. ಬಂದ ಬಂಗುಡೆ ಬೂತಾಯಿಗಳನ್ನು ಬಲೆಗೆ, ದೋಣಿಗೆ, ಎಳೆದ ಕೈಗಳಿಗೆ ಎಂದು ಪಾಲು ಹಾಕುವ ಕ್ರಮವಿತ್ತು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದು ಮೀನನ್ನು ದಡಕ್ಕೆ ಬರುವ ಮುನ್ನವೇ ಸುತ್ತುವರಿದು ಹಿಡಿಯತೊಡಗಿದ ಮೇಲೆ ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಯು ಅಳಿದುಹೋಯಿತು. ಅದರ ಕಿರಿದಾದ ರೂಪವಾದ ಕೈರಂಪಣಿ ಮಾತ್ರ ಅಲ್ಲಲ್ಲಿ ಉಳಿದಿದೆ. ಆ ವರ್ಷಗಳಲ್ಲಿ ದಡದಲ್ಲಿ ನಡೆದ ಜಗಳಗಳನ್ನೂ, ಯಾಂತ್ರಿಕ ದೋಣಿಗೆ ಸೇರಿಕೊಂಡವನು ಹೇಳುವ ಸಮರ್ಥನೆಯನ್ನೂ, ಸೇರದೆ ಮುಂಬಯಿಯ ಹಾದಿ ಹಿಡಿದವನು ಹೇಳುವ ನೋವನ್ನೂ, ಮೀನಿನ ಬುಟ್ಟಿ ಹೊತ್ತು ಒಳನಾಡಿನ ಮನೆ ಮನೆಗೆ ನಡೆದ ಹೆಂಗಸಿಗೆ ಆ ಬದಲಾವಣೆ ಹೇಗೆ ತಟ್ಟಿತೆಂಬುದನ್ನೂ ಈಗಲೂ ಕೇಳಿ ಬರೆದುಕೊಳ್ಳಬಹುದು. ಇನ್ನು ಇಪ್ಪತ್ತು ವರ್ಷಗಳ ಮೇಲೆ ಅದು ಸಾಧ್ಯವಿಲ್ಲ.

ಇವೆಲ್ಲಕ್ಕಿಂತ ಗಾಢವಾದುದು ಭೂಮಿಯ ನೆನಪು. ಮೂಲಗೇಣಿ, ಚಾಲಗೇಣಿಗಳ ಕಾಲದಲ್ಲಿ ಒಕ್ಕಲು ಧಣಿಯ ಮನೆಯಂಗಳಕ್ಕೆ ಮುಡಿಗಟ್ಟಲೆ ಅಕ್ಕಿಯನ್ನು ಹೊತ್ತು ತಂದು ಅಳೆಸಬೇಕಾಗಿತ್ತು. ಒಂದು ಮುಡಿಗೆ 42 ಸೇರು ಎಂಬುದು ವಾಡಿಕೆಯ ಲೆಕ್ಕ. ಆದರೆ ಅಳೆಯುವ ಸೇರು ಯಾರದು, ಮಳೆ ಕೈಕೊಟ್ಟ ವರ್ಷ ರಿಯಾಯಿತಿ ಉಂಟೋ ಇಲ್ಲವೋ, ಗೇಣಿಯ ಮೇಲೆ ಬಿಟ್ಟಿಯಾಗಿ ಏನೇನು ಸಲ್ಲಿಸಬೇಕಾಗಿತ್ತು ಎಂಬಿವು ಯಾವ ಗೇಣಿಚೀಟಿಯಲ್ಲಿಯೂ ಪೂರ್ತಿಯಾಗಿ ಬರೆದಿರುವುದಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ಫಲವಾಗಿ ಗೇಣಿಯ ಭೂಮಿ ಉಳುವವನದಾಯಿತು. ‘ಡಿಕ್ಲರೇಶನ್ ಕೊಟ್ಟದ್ದು’ ಎಂದು ನಮ್ಮ ಹಿರಿಯರು ಇಂದಿಗೂ ಹೇಳುವ ಆ ಅರ್ಜಿಯನ್ನು ಕೊಡುವ ಮುನ್ನ ಒಕ್ಕಲು ಪಟ್ಟ ಭಯ, ಕೊಟ್ಟ ಮೇಲೆ ಧಣಿಯ ಮನೆಯೊಂದಿಗೆ ಮಾತು ನಿಂತದ್ದು, ಮತ್ತೆ ಯಾವುದೋ ಮದುವೆಯಲ್ಲಿ ಮಾತು ಮೊದಲಾದದ್ದು, ಇತ್ತ ಗೇಣಿಯೊಂದನ್ನೇ ನೆಚ್ಚಿದ್ದ ವಿಧವೆಯೊಬ್ಬಳ ಒಲೆ ಆರಿದ್ದು, ಇವು ಎರಡೂ ಬದಿಯ ಸತ್ಯಗಳು. ಇಂದು ಪೇಟೆಯ ಅಂಚಿನಲ್ಲಿ ಎದ್ದಿರುವ ಬಡಾವಣೆಗಳಲ್ಲಿ ಅನೇಕವು ಆ ಡಿಕ್ಲರೇಶನ್ನಿನ ಗದ್ದೆಗಳು ಮುಂದಿನ ತಲೆಮಾರಿನಲ್ಲಿ ಪಾಲಾಗಿ, ಪರಿವರ್ತನೆಯಾಗಿ, ಮಾರಾಟವಾಗಿ ಹುಟ್ಟಿದವು. ಆದಕಾರಣ ಈ ಉಪನಗರಗಳು ಹೇಗೆ ಹುಟ್ಟಿದುವೆಂದು ಅರಿಯಬೇಕಾದರೆ 1974ರ ನೆನಪಿನಿಂದಲೇ ಆರಂಭಿಸಬೇಕು. ಆ ಅರ್ಜಿಗಳನ್ನು ತೀರ್ಮಾನಿಸಿದ ನ್ಯಾಯಮಂಡಳಿಯ ಕಡತಗಳಲ್ಲಿ ತೀರ್ಪು ಮಾತ್ರ ಇದೆ.

ಹೊಳೆಯಂಚಿನ ಹಂಚಿನ ಕಾರ್ಖಾನೆಗಳಲ್ಲಿ ಆವೆಮಣ್ಣು ತುಳಿದವರು, ಬೈಂದೂರಿನ ಶಿರೂರಿನಿಂದ ಭಟ್ಕಳಕ್ಕೆ ಹೋಗುವುದೆಂದರೆ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಕಾಲಿಡುವುದಾಗಿದ್ದ 1956ರ ಪೂರ್ವದ ಕಾಲವನ್ನು ಬಾಲ್ಯದಲ್ಲಿ ಕಂಡವರು, ಬ್ರಹ್ಮಾವರದ ಕೊಂಕಣಿ ಮನೆಮಾತಿನ ಆರ್ಥೊಡಾಕ್ಸ್ ಕ್ರೈಸ್ತರು, ಗಂಗೊಳ್ಳಿ ಶಿರೂರುಗಳ ನವಾಯತರು, ಇವರೆಲ್ಲರ ಬಳಿ ಬೇರೆ ಬೇರೆ ಕಥನಗಳಿವೆ. ಒಬ್ಬೊಬ್ಬರ ಕುರಿತೂ ಒಂದೊಂದು ಅಂಕಣವೇ ಬೇಕಾದೀತು.

ಕೇಳುವ ಕ್ರಮದ ವಿಚಾರವಾಗಿ ಎರಡು ಮಾತು. ‘ಹಿಂದಿನ ಕಾಲ ಹೇಗಿತ್ತು, ಹೇಳಿ ಅಮ್ಮಮ್ಮ’ ಎಂದು ಕೇಳಿದರೆ ‘ನಂಗೆಂತ ಗೊತ್ತಿತ್ ಮಾಣಿ, ನಾನ್ ಶಾಲಿಗ್ ಹೋದೋಳಲ್ಲ’ ಎಂಬ ಉತ್ತರವೇ ಸಾಮಾನ್ಯವಾಗಿ ಬರುತ್ತದೆ. ಅದು ವಿನಯವಲ್ಲ, ತನ್ನ ಬದುಕು ಹೇಳತಕ್ಕ ವಿಷಯವೆಂದು ಯಾರೂ ಅವಳಿಗೆ ತಿಳಿಸಿಲ್ಲ, ಅಷ್ಟೆ. ಅದೇ ಅಮ್ಮಮ್ಮನಲ್ಲಿ ನೇಜಿ ನೆಡುವ ದಿನ ಬೆಳಗ್ಗೆ ಎಷ್ಟು ಹೊತ್ತಿಗೆ ಗದ್ದೆಗೆ ಇಳಿಯುತ್ತಿದ್ದಿರಿ, ಮಧ್ಯಾಹ್ನದ ಗಂಜಿಗೆ ಏನು ನೆಂಚಿಕೊಳ್ಳುತ್ತಿದ್ದಿರಿ, ಚಿಕ್ಕ ಮಗುವನ್ನು ಯಾರ ಕೈಯಲ್ಲಿ ಬಿಟ್ಟು ಬರುತ್ತಿದ್ದಿರಿ ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ಇಸವಿಯನ್ನು ಕೇಳುವುದು ನಿಷ್ಪ್ರಯೋಜಕ. ಭೂಮಸೂದೆಯ ಮೊದಲೋ ಆಮೇಲೋ, ರೈಲು ಬರುವ ಮೊದಲೋ ಆಮೇಲೋ, ದೊಡ್ಡ ಮಗ ಹುಟ್ಟಿದ್ದನೋ ಎಂದು ಕೇಳಿದರೆ ಕಾಲವನ್ನು ಬಹಳ ಮಟ್ಟಿಗೆ ನಿರ್ಧರಿಸಬಹುದು. ಇಂಗ್ಲೆಂಡಿನಲ್ಲಿ ಜಾರ್ಜ್ ಎವರ್ಟ್ ಇವಾನ್ಸ್ ಎಂಬವರು ಸಫೋಕ್ ಪ್ರಾಂತದ ಬ್ಲಾಕ್ಸ್‌ಹಾಲ್ ಎಂಬ ಹಳ್ಳಿಯಲ್ಲಿ, ಅಲ್ಲಿ ಶಾಲೆಯ ಅಧ್ಯಾಪಿಕೆಯಾಗಿದ್ದ ಹೆಂಡತಿಯೊಂದಿಗೆ ವಾಸವಾಗಿದ್ದಾಗ, ನೆರೆಮನೆಯ ಮುದುಕ ಕುರುಬನೊಡನೆ ಆಡಿದ ಮಾತುಗಳಿಂದಲೇ ಮೊದಲು ಮಾಡಿ, ಹುಲ್ಲು ಕೊಯ್ದವರ, ಕುರಿ ಕಾಯ್ದವರ ಬಾಯಿಮಾತಿನ ಚರಿತ್ರೆಯನ್ನು 1956ರಲ್ಲಿ ಪುಸ್ತಕವಾಗಿಸಿದರು. ಅವರಿಗೆ ಬೇಕಾದದ್ದು ನೆರೆಮನೆ ಮತ್ತು ವ್ಯವಧಾನ; ಇವೆರಡೂ ನಮ್ಮಲ್ಲಿಯೂ ಉಂಟು.

ಮಾತನ್ನು ಆಡಿದಂತೆಯೇ ಬರೆದುಕೊಳ್ಳಬೇಕು. ಗ್ರಾಂಥಿಕ ಕನ್ನಡಕ್ಕೆ ತಿದ್ದಿ ಬರೆದೊಡನೆ ಅದರ ಸಾರದ ಅರ್ಧ ಸೋರಿಹೋಗುತ್ತದೆ, ಒಮ್ಮೊಮ್ಮೆ ಅರ್ಥವೇ ತಿರುಗುತ್ತದೆ. ಕುಂದಾಪುರದವರು ‘ಇತ್ತ್’ ಎಂದರೆ ಈಗ ಇದೆಯೆಂದೂ, ಕಳೆದುಹೋದುದಕ್ಕೆ ‘ಇದ್ದಿತ್’ ಎಂದೂ ಹೇಳುವರೆಂಬುದನ್ನು ಅರಿಯದ ಲಿಪಿಕಾರನು ಇರುವ ಬಾವಿಯನ್ನು ಇಲ್ಲವಾಗಿಸಿಯಾನು. ಈ ಸಂಕಟಕ್ಕೆ ಸಹಾಯಕವಾಗಿ ಪಂಜು ಗಂಗೊಳ್ಳಿಯವರು ಬಹುಕಾಲ ಶ್ರಮಿಸಿ ಸಿದ್ಧಪಡಿಸಿದ ಕುಂದಾಪ್ರ ಕನ್ನಡ ನಿಘಂಟು ಈಗ ನಮ್ಮ ಕೈಯಲ್ಲಿದೆ. ಬ್ರಹ್ಮಾವರದತ್ತ ತುಳುವೂ, ಖಾರ್ವಿಕೇರಿಯಲ್ಲಿ ಕೊಂಕಣಿಯೂ ಕಿವಿಗೆ ಬೀಳುವುದರಿಂದ, ಕೇಳಲು ಹೋಗುವವರು ಆ ಆ ಮನೆಮಾತಿನವರೇ ಆಗಿದ್ದರೆ ಉತ್ತಮ.

ಆದರೆ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ, ಯಾರನ್ನು ಕೇಳುವುದು ಎಂಬುದು. ಸಂಗ್ರಹಕಾರನ ಕಾಲು ಸಹಜವಾಗಿಯೇ ದೊಡ್ಡ ಮನೆಯ ಚಾವಡಿಯತ್ತ ಎಳೆಯುತ್ತದೆ. ಅಲ್ಲಿ ಹಳೆಯ ಚಿತ್ರಗಳಿವೆ, ಕಾಗದಪತ್ರಗಳಿವೆ, ಮಾತು ಬಲ್ಲ ಹಿರಿಯರಿದ್ದಾರೆ. ಅಲ್ಲಿಗೂ ಹೋಗಬೇಕು. ಆದರೆ ಅದೇ ಮನೆಯಲ್ಲಿ ಮೂಲದಾಳಾಗಿ ದುಡಿದವರ ಮಕ್ಕಳು ಹತ್ತಿರದಲ್ಲಿಯೇ ಇದ್ದಾರೆ. ಊರಿನ ಉತ್ಸವದಲ್ಲಿ ಡೋಲು ಬಾರಿಸುವುದನ್ನೂ, ಮನುಷ್ಯರಾದವರು ಇನ್ನೊಬ್ಬ ಮನುಷ್ಯರಿಂದ ಮಾಡಿಸಬಾರದ ಹೀನಾಚರಣೆಗಳನ್ನೂ ಅಜಲು ಎಂಬ ಹೆಸರಿನಲ್ಲಿ ಸಹಿಸಿದ ಕೊರಗ ಸಮುದಾಯದ ಹಿರಿಯರಿದ್ದಾರೆ. ಅಜಲು ಪದ್ಧತಿಯನ್ನು ನಿಷೇಧಿಸುವ ಶಾಸನ ಬಂದದ್ದು 2000ದಲ್ಲಿ ಎಂಬುದನ್ನು ನೆನೆದರೆ, ಅದು ಪುರಾತನ ಚರಿತ್ರೆಯಲ್ಲ, ಇಂದು ಬದುಕಿರುವವರ ಮೈಮೇಲಿನ ಗಾಯವೆಂದು ತಿಳಿಯುತ್ತದೆ. ಈ ನೆನಪನ್ನು ಬಿಟ್ಟು ಕೇರಿಯ ಗತವೈಭವವನ್ನು ಕಟ್ಟಲು ಹೊರಟರೆ ಅದು ಸುಳ್ಳಾಗುತ್ತದೆ. ಹೇಳಲು ಮನಸ್ಸಿಲ್ಲದವರನ್ನು ಬಲವಂತಪಡಿಸಲೂಬಾರದು. ಹೇಳಿದ ಮೇಲೆ ‘ಇದು ಹೊರಗೆ ಬೇಡ’ ಎಂದರೆ ಆ ಮಾತನ್ನು ಮೀರಲೂಬಾರದು.

ನೆನಪು ತಪ್ಪುವುದಿಲ್ಲವೇ ಎಂದು ಕೇಳಬಹುದು. ತಪ್ಪುತ್ತದೆ. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ವಾಸವಾಗಿದ್ದು ಟಿಪ್ಪಣಿಗಳನ್ನು ಬರೆದುಕೊಂಡಿದ್ದ ಎಂ. ಎನ್. ಶ್ರೀನಿವಾಸರು, ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ 1970ರ ಏಪ್ರಿಲಿನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಆ ಟಿಪ್ಪಣಿಗಳ ಪ್ರತಿಗಳು ಆಹುತಿಯಾದ ಮೇಲೆ, ಕೇವಲ ಸ್ಮೃತಿಯ ಬಲದಿಂದ ಆ ಹಳ್ಳಿಯ ಚಿತ್ರವನ್ನು ಬರೆದು 1976ರಲ್ಲಿ ಪ್ರಕಟಿಸಿದರು. ಸಮಾಜಶಾಸ್ತ್ರದ ಶ್ರೇಷ್ಠ ಕೃತಿಗಳಲ್ಲಿ ಅದೊಂದೆಂದು ಇಂದು ಗಣ್ಯವಾಗಿದೆ. ನೆನಪಿಗೆ ಅಷ್ಟು ಶಕ್ತಿ ಉಂಟು. ಆದರೆ ಒಬ್ಬರ ನೆನಪಿನ ಲೋಪವನ್ನು ತುಂಬಲು ಬಲ್ಲದ್ದು ಇನ್ನೊಬ್ಬರ ನೆನಪು, ಮತ್ತು ಆ ಇನ್ನೊಬ್ಬರು ಇರುವುದು ಅದೇ ಕೇರಿಯಲ್ಲಿ. ಆದ್ದರಿಂದಲೇ ಸಂಗ್ರಹಿಸಿದುದನ್ನು ಅಲ್ಲಿಗೆ ಹಿಂದಿರುಗಿಸುವುದು ಸೌಜನ್ಯದ ಮಾತಷ್ಟೇ ಅಲ್ಲ, ಸತ್ಯಶೋಧನೆಯ ವಿಧಾನವೇ ಅದು. ಬರೆದುದನ್ನು ಕೇರಿಯವರ ಮುಂದೆ ಗಟ್ಟಿಯಾಗಿ ಓದಿದರೆ, ‘ಹ್ವಾಯ್, ಅದ್ ಹಾಂಗಲ್ಲ’ ಎಂದು ಒಬ್ಬರು ಎದ್ದು ನಿಲ್ಲುತ್ತಾರೆ. ಅವರ ಮಾತಿಗೆ ಮೂಲೆಯಲ್ಲಿ ಕುಳಿತ ಮುದುಕಿಯೊಬ್ಬಳು ಇನ್ನೊಂದು ಸೇರಿಸುತ್ತಾಳೆ. ಬೈಲಿನ ಹೆಸರು, ತೋಡಿನ ದಾರಿ, ಶಾಲೆ ಮೊದಲು ನಡೆಯುತ್ತಿದ್ದ ಜಾಗ ಒಂದೊಂದಾಗಿ ಸ್ಥಿರವಾಗುತ್ತವೆ. ಸ್ಥಿರವಾಗದ ಕಡೆ ಎರಡು ಹೇಳಿಕೆಗಳನ್ನೂ ಹಾಗೆಯೇ ಬರೆದಿಡಬೇಕು. ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಗ್ರಾಮ ಚರಿತ್ರೆ ಕೋಶವೆಂಬ ಹೆಸರಿನಲ್ಲಿ ಜಿಲ್ಲಾವಾರು ಸಂಪುಟಗಳನ್ನು ಹೊರತರುವ ಶ್ಲಾಘ್ಯವಾದ ಕಾರ್ಯವನ್ನು ಕೈಗೊಂಡಿದೆ. ಆದರೆ ಕೋಶದಲ್ಲಿ ಒಂದೊಂದು ಹಳ್ಳಿಗೆ ದೊರೆಯುವ ಸ್ಥಳ ಅತ್ಯಲ್ಪ. ಕೇರಿಯ ಕೆಲಸವನ್ನು ಕೇರಿಯೇ ಮಾಡಬೇಕು.

ಅದಕ್ಕೆ ಬೇಕಾದ ಸ್ಥಳಗಳು ನಮ್ಮಲ್ಲಿ ಇಲ್ಲದೆ ಇಲ್ಲ. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳೆಂಬ ಹೊಸ ಹೆಸರು ಪಡೆದಿವೆ. ಕೋಟತಟ್ಟು ಗ್ರಾಮ ಪಂಚಾಯತಿಯು ಕಾರಂತರ ಹೆಸರಿನಲ್ಲಿ ಥೀಮ್ ಪಾರ್ಕನ್ನೇ ನಡೆಸುತ್ತಿದೆ. ಕೇರಿಕೇರಿಗೂ ಭಜನಾಮಂದಿರವೋ ಯುವಕಮಂಡಲವೋ ಇದ್ದೇ ಇದೆ. ಆಸಾಡಿ ಅಮಾಸೆಯಂದು 2019ರಿಂದ ಆಚರಿಸಲಾಗುತ್ತಿರುವ ವಿಶ್ವ ಕುಂದಾಪುರ ಕನ್ನಡ ದಿನದಂದು ಹಾಸ್ಯ, ತಿಂಡಿ, ಕ್ರೀಡೆಗಳಿಗೆ ಮೀಸಲಾದ ಹೊತ್ತಿನಲ್ಲಿ ಒಂದು ಗಂಟೆಯನ್ನು ಇಂಥ ವಾಚನಕ್ಕೆ ಕೊಡಬಹುದು. ಧ್ವನಿಮುದ್ರಿಕೆಗಳ ಒಂದು ಪ್ರತಿ ಹೇಳಿದವರ ಮನೆಯಲ್ಲಿ, ಒಂದು ಗ್ರಂಥಾಲಯದಲ್ಲಿ, ಒಂದು ಶಾಲೆಯಲ್ಲಿ ಇರಲಿ. ಒಬ್ಬ ಉತ್ಸಾಹಿಯ ಫೋನಿನಲ್ಲಿ ಮಾತ್ರ ಉಳಿದದ್ದು ಆ ಫೋನು ಕೆಟ್ಟ ದಿನ ಹೋಯಿತೆಂದೇ ಲೆಕ್ಕ.

ಕಡೆಯದಾಗಿ, ಊರಿನಲ್ಲಿ ಇಲ್ಲದವರನ್ನು ಮರೆಯಬಾರದು. ಪಾರಂಪಳ್ಳಿಯಿಂದ ಹೋದ ಯಜ್ಞನಾರಾಯಣ ಮಯ್ಯರೂ ಅವರ ಸಹೋದರರೂ 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಉಪಾಹಾರಗೃಹವೇ ಮುಂದೆ ಎಂಟಿಆರ್ ಆಯಿತು. 1943ರಲ್ಲಿ ವಿದ್ಯಾರ್ಥಿ ಭವನವನ್ನು ತೆರೆದ ಉರಾಳರು ಸಾಲಿಗ್ರಾಮದವರು. ಈ ಹೆಸರಾದವರ ಹಿಂದೆ, ಮೀಸೆ ಮೂಡುವ ಮೊದಲೇ ಬಸ್ಸು ಹತ್ತಿ ಬೆಂಗಳೂರು, ಮುಂಬಯಿಗಳ ಹೋಟೆಲುಗಳಲ್ಲಿ ಲೋಟ ತೊಳೆಯುತ್ತ ಬಾಳನ್ನು ಆರಂಭಿಸಿದ ಮಾಣಿಗಳ ಸಂಖ್ಯೆ ದೊಡ್ಡದು. ಊರಲ್ಲೇ ಉಳಿದವರ ನೆನಪಿನ ಮೇಲೆ ಪ್ರತಿವರ್ಷದ ಬದಲಾವಣೆಯೂ ಒಂದು ಪದರ ಬಳಿಯುತ್ತ ಬರುತ್ತದೆ. ಹೊರಟುಹೋದವನ ನೆನಪಿನಲ್ಲಿಯಾದರೋ ಅವನು ಹೊರಟ ವರ್ಷದ ಊರು ಹೆಚ್ಚು ಮಾರ್ಪಡದೆ ಉಳಿದಿರುತ್ತದೆ. ಬಸ್ಸು ನಿಲ್ಲುತ್ತಿದ್ದ ಮರ ಯಾವುದು, ಆ ಮರದ ಎದುರಿನ ಅಂಗಡಿ ಯಾರದು, ಮನೆಯಿಂದ ಅಲ್ಲಿಗೆ ನಡೆದು ಬರಲು ಎಷ್ಟು ಗದ್ದೆಯಂಚುಗಳನ್ನು ದಾಟಬೇಕಾಗಿತ್ತು ಎಂಬುದನ್ನು ಅಂಥವನಲ್ಲಿ ಕೇಳಿ ಬರೆದುಕೊಂಡು, ಊರಲ್ಲಿರುವ ಅವನ ಓರಗೆಯವರು ಹೇಳುವುದರೊಂದಿಗೆ ಹೋಲಿಸಿ ನೋಡಬೇಕು. ವರ್ಷಕ್ಕೊಮ್ಮೆ ದೀಪಾವಳಿಗೋ, ಕೋಟೇಶ್ವರದ ಕೊಡಿಹಬ್ಬಕ್ಕೋ, ಮನೆದೇವರ ಪೂಜೆಗೋ ಅವರು ಊರಿಗೆ ಬರುತ್ತಾರೆ. ಎರಡು ಮೂರು ದಿನ ಇರುತ್ತಾರೆ. ಅದರಲ್ಲಿ ಒಂದು ಮಧ್ಯಾಹ್ನವನ್ನು ಕೇಳಿ ಪಡೆಯಬೇಕು.